ಎರಡು ಜೊತೆ ಕಾಲುಚೀಲ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೆ ಹನ್ನೊಂದು ಸಲ ಬರೆದಿದ್ದೇನೆ, ಅಷ್ಟು ಸಾಕು.

ಅವರು ತೀರಿಕೊಂಡರೆಂದು ಫೋನ್ ಮಾಡಿ ತಿಳಿಸಿದವನು ನ್ಯೂಯಾರ್ಕಿನ ಜೆರಿಕೋದಲ್ಲಿರುವ ಗೆಳೆಯ. ಉಡುಪಿ ಕಡೆಯವನು. ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ನ್ಯೂ ಜೆರ್ಸಿಯ ಬಾಸ್ಕಿಂಗ್ ರಿಡ್ಜಿನ ಒಂದು ವಿಮಾ ಕಂಪನಿಯಲ್ಲಿ ಅಕ್ಕಪಕ್ಕದ ಕ್ಯೂಬಿಕಲ್‌ಗಳಲ್ಲಿ ಕೂತು ಹಳೆಯ ಕೋಬಾಲ್ ಪ್ರೋಗ್ರಾಂಗಳ ಇಸವಿ ತಿದ್ದುತ್ತಿದ್ದೆವು. ಎರಡು ಸಾವಿರ ಬಂದ ಕೂಡಲೇ ಕಂಪ್ಯೂಟರುಗಳು ಅದನ್ನು ಸಾವಿರದ ಒಂಬೈನೂರು ಅಂದುಕೊಂಡು ಕೆಡುತ್ತವೆ ಎಂದು ಇಡೀ ಅಮೆರಿಕ ಹೆದರಿಕೊಂಡಿದ್ದ ಕಾಲ. ಅವರ ಹೆದರಿಕೆಯಿಂದ ನಮಗೆ ವೀಸಾ ಸಿಕ್ಕಿತ್ತು. ವೀಸಾದಿಂದ ನಮ್ಮ ಹೆದರಿಕೆ ಶುರುವಾಗಿತ್ತು.

"ನಮ್ಮ ಜರ್ಮನ್ ಆಂಟಿ ಹೋದ್ರಂತೆ ಮಾರಾಯ," ಎಂದ ಗೆಳೆಯ. ಪೆನ್ಸಿಲ್ವೇನಿಯಾದ ಯಾವುದೋ ಸಣ್ಣ ಊರಿನಲ್ಲಿ ಒಬ್ಬರೇ ಇದ್ದರಂತೆ. ಆಮೇಲೆ ಅವನು ಹಳೆಯದನ್ನೆಲ್ಲ ತೆಗೆದ. ಅವರು ಕುಡಿಯುತ್ತಿದ್ದ ಕಪ್ಪು ಚಹಾ, ಅವರು ಹರಿದು ಹಾಕುತ್ತಿದ್ದ ಚೀಟಿಗಳು. "ಆ ಫೈಲಿನ ಕಥೆ ನೀನು ಹೇಳಿದಾಗ ನನಗೆ ಆ ದಿನ ಊಟ ಸೇರಲಿಲ್ಲ ನೋಡು. ರೇಡಿಯೋದಲ್ಲಿ ಬರ್ಲಿನ್ ಗೋಡೆ ಬಿದ್ದು ಹತ್ತು ವರ್ಷ ಅಂತ ಬರ್ತಿತ್ತಲ್ಲ, ಆವಾಗ."

ಇಲ್ಲ, ಅದು ಫೆಬ್ರುವರಿ, ಹಿಮ ಬೀಳುತ್ತಿತ್ತು, ಎಂದೆ.

"ಹಿಮ ಎಂಥದ್ದು ಮಾರಾಯ? ನಾವು ಹೊರಗೆ ಬೆಂಚಿನಲ್ಲಿ ಕೂತು ಮೊಸರನ್ನ ತಿಂತಾ ಇದ್ದೆವು. ನನ್ನ ಉಪ್ಪಿನಕಾಯಿ ಖಾಲಿ ಮಾಡಿದ್ದು ನೀನೇ."

ಫೋನ್ ಇಟ್ಟ ಮೇಲೆ ನನಗೆ ದುಃಖ ಬರಲಿಲ್ಲ, ಹೆದರಿಕೆ ಬಂತು. ಆ ಕಾಲದ ಶುಕ್ರವಾರ ಮಧ್ಯಾಹ್ನಗಳಲ್ಲಿ ಆಗುತ್ತಿತ್ತಲ್ಲ, ಅದೇ ಹೆದರಿಕೆ. ಯಾಕೆಂದರೆ ನನಗೂ ಆ ಹೆಂಗಸಿಗೂ ನಡುವೆ ಇದ್ದದ್ದು ಒಂದೇ ಪ್ರಶ್ನೆ. ಅವರು ತಮ್ಮ ಫೈಲಿನ ಕಥೆ ನನಗೆ ಹೇಳಿದ್ದು ನಾನು ಅವರ ಮೇಲೆ ಹನ್ನೊಂದು ವರದಿ ಬರೆದು ಮುಗಿಸಿದ ಮೇಲೋ, ಮೊದಲೋ? ಮುಗಿದ ಮೇಲೆ ಹೇಳಿದ್ದಾದರೆ ನಾನೊಬ್ಬ ದಡ್ಡ. ಮೊದಲೇ ಹೇಳಿದ್ದಾದರೆ ನನಗೆ ಬೇರೆ ಹೆಸರು ಹುಡುಕಬೇಕು. ಇಷ್ಟು ವರ್ಷ ನಾನು ದಡ್ಡ ಎಂದೇ ನೆಮ್ಮದಿಯಾಗಿದ್ದೆ.

ಅವರು ಪೂರ್ವ ಜರ್ಮನಿಯವರು. ಲೈಪ್ಜಿಗ್. ನಾನು ನೋಡಿದಾಗ ಐವತ್ತೆರಡೋ ಐವತ್ಮೂರೋ. ಎತ್ತರದ ಆಳು, ಗಂಡಸರ ಹಾಗೆ ಕತ್ತರಿಸಿದ ಬೂದು ಕೂದಲು, ಯಾವಾಗಲೂ ಬಾಗಿಲ ಕಡೆ ಮುಖ ಮಾಡಿ ಕೂರುವ ಅಭ್ಯಾಸ. ಅವರ ದೇಶದಲ್ಲಿ ಅಮೆರಿಕದ ದೊಡ್ಡ ಕಂಪ್ಯೂಟರುಗಳನ್ನು ಸ್ಕ್ರೂ ಸಮೇತ ನಕಲು ಮಾಡಿ ಕಟ್ಟಿದ್ದರಂತೆ. ಎಲ್ಲಿಂದ ಬಂದವೆಂದು ಗೊತ್ತಾಗದಂತೆ ರಟ್ಟು ಹರಿದುಹಾಕಿದ ಕೈಪಿಡಿಗಳನ್ನು ಓದಿ ಇವರು ಆ ನಕಲಿನ ಮೇಲೆ ಹದಿನೆಂಟು ವರ್ಷ ಕೆಲಸ ಮಾಡಿದ್ದರು. "ಇಲ್ಲಿಗೆ ಬಂದು ಅಸಲು ನೋಡಿದೆ. ನನಗೆ ಅದು ನಮ್ಮದರ ನಕಲಿನ ಹಾಗೆ ಕಂಡಿತು," ಎನ್ನುತ್ತಿದ್ದರು. ನಗದೆ ಹೇಳುತ್ತಿದ್ದರು. ಅವರ ಹಾಸ್ಯವೆಲ್ಲ ಹಾಗೆಯೇ, ಎರಡು ದಿನ ಬಿಟ್ಟು ನಗು ಬರುವಂಥದ್ದು.

ನಾನಿದ್ದದ್ದು ಕೆಂಡಲ್ ಪಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಅವರು ಪಕ್ಕದ ಫ್ರಾಂಕ್ಲಿನ್ ಪಾರ್ಕಿನಲ್ಲಿ. ನನಗಿನ್ನೂ ಹೈವೇಯಲ್ಲಿ ಡ್ರೈವ್ ಮಾಡಲು ಧೈರ್ಯವಿರಲಿಲ್ಲ. ಮೊದಲ ವಾರದಲ್ಲೇ ಅವರು ನನ್ನ ಕ್ಯೂಬಿಕಲ್ ಮುಂದೆ ನಿಂತು, ನಾಳೆ ಏಳು ಹತ್ತಕ್ಕೆ ನಿನ್ನ ಗೇಟಿನ ಮುಂದೆ ಬರುತ್ತೇನೆ, ಎಂದು ಹೇಳಿ ಹೋದರು. ಏಳು ಹತ್ತು ಎಂದರೆ ಏಳು ಹತ್ತು. ಅವರ ಹಳೆಯ ಹಸಿರು ಕಾರಿನಲ್ಲಿ ಹತ್ತು ತಿಂಗಳು ಹೋಗಿ ಬಂದೆ. 206ನೇ ಹೈವೇ ಹಿಡಿದು, ಆಮೇಲೆ 287. ಟ್ರಾಫಿಕ್ ಇದ್ದರೆ ಒಂದು ಗಂಟೆ.

ಕೆಲಸ ಕಲಿಸಿದವರೂ ಅವರೇ. ಪ್ರೋಗ್ರಾಮಿನ ಒಂದು ಸಾಲು ಬದಲಿಸಿದರೂ ಪಕ್ಕದಲ್ಲಿ ಮೂರು ವಿಷಯ ಬರೆಯಬೇಕು ಎಂಬುದು ಅವರ ನಿಯಮ: ಯಾರು, ಯಾವಾಗ, ಯಾಕೆ. ನಾವೆಲ್ಲ ಮೊದಲೆರಡು ಬರೆದು ಮೂರನೆಯದನ್ನು ಬಿಟ್ಟುಬಿಡುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. "ಏನು ಮಾಡಿದ್ದೀಯ ಅಂತ ಪ್ರೋಗ್ರಾಮೇ ಹೇಳುತ್ತದೆ. ಯಾಕೆ ಮಾಡಿದೆ ಅಂತ ನೀನೇ ಬರೆದಿಡಬೇಕು. ಇಲ್ಲದಿದ್ದರೆ ಹತ್ತು ವರ್ಷ ಬಿಟ್ಟು ಯಾರೋ ಬಂದು ಅಲ್ಲಿ ತನಗೆ ಅನುಕೂಲವಾದ ಕಾರಣ ತುಂಬಿಕೊಳ್ಳುತ್ತಾರೆ." ಈ ಮಾತನ್ನು ನಾನು ಮುಂದೆ ನನ್ನ ಕೈಕೆಳಗಿನ ಎಷ್ಟೋ ಜನರಿಗೆ ನನ್ನದೇ ಮಾತಿನ ಹಾಗೆ ಹೇಳಿದ್ದೇನೆ.

ಚೀಟಿಯ ಮೇಲೆ ಏನು ಬರೆದರೂ ನಾಲ್ಕು ತುಂಡು ಮಾಡಿ, ಎರಡನ್ನು ಒಂದು ಬುಟ್ಟಿಗೂ ಎರಡನ್ನು ಕಾರಿಡಾರಿನ ಬುಟ್ಟಿಗೂ ಹಾಕುತ್ತಿದ್ದರು. ಫೋನಿನಲ್ಲಿ ಹೊತ್ತು ಮತ್ತು ಜಾಗ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಮುಖ್ಯವಾದ ಮೀಟಿಂಗ್ ಇರುವ ದಿನ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬರುತ್ತಿದ್ದರು, ಒಂದರ ಮೇಲೊಂದು. ಬೂಟಿನೊಳಗೆ ಕಾಲು ತುರುಕಲು ಕಷ್ಟಪಡುವುದನ್ನು ಕಾರಿಳಿಯುವಾಗ ನಾನೇ ನೋಡಿದ್ದೇನೆ. ಮೇ ತಿಂಗಳಲ್ಲೂ.

ಒಮ್ಮೆ ಮ್ಯೂನಿಕ್ಕಿನಿಂದ ಒಬ್ಬ ತಜ್ಞ ನಮ್ಮ ಆಫೀಸಿಗೆ ಒಂದು ವಾರಕ್ಕೆ ಬಂದ. ಇಬ್ಬರು ಜರ್ಮನ್ನರು ಸೇರುತ್ತಾರೆ, ಖುಷಿಯಾಗುತ್ತದೆ ಎಂದು ಎಲ್ಲರೂ ಅವನನ್ನು ನೇರ ಇವರ ಹತ್ತಿರ ಕರೆತಂದರು. ಕೈಕುಲುಕಿದ, ಯಾವ ಊರು ಎಂದು ಕೇಳಿದ. ಇವರು ಹೇಳಿದರು. ಪೂರ್ವದವರೆಂದು ತಿಳಿದದ್ದೇ ಅವನು ಗಟ್ಟಿಯಾಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದ. ಸಂಜೆ ಕಾರಿನಲ್ಲಿ ಇವರು, "ನಿನ್ನ ಜೊತೆ ಅವನು ಮಾಮೂಲಿಯಾಗೇ ಮಾತಾಡಿದನಲ್ಲ," ಎಂದರು.

ಅದಕ್ಕೆ ನಾನು ನಮ್ಮ ಕಥೆ ಹೇಳಿದೆ. ನಮ್ಮಲ್ಲೂ ಒಂದು ಏಕೀಕರಣ ನಡೆಯಿತು, ಅದಕ್ಕಾಗಿ ನಮ್ಮ ಧಾರವಾಡದ ಕಡೆಯವರು ಲಾಠಿ ಏಟು ತಿಂದರು, ಆದರೆ ಇವತ್ತಿಗೂ ನ್ಯೂ ಜೆರ್ಸಿಯ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ಬೆಂಗಳೂರಿನವರು ನನ್ನನ್ನು ನಿಲ್ಲಿಸಿ 'ನಿಮ್ಮ ಕನ್ನಡದಲ್ಲಿ ಏನಾದ್ರೂ ಹೇಳಿ' ಅನ್ನುತ್ತಾರೆ ಎಂದೆ. ಅವರು ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಅದೇ ಉತ್ಸಾಹದಲ್ಲಿ ಗೋಕಾಕ್ ಚಳವಳಿಯನ್ನೂ ಹೇಳಿದೆ. ಹೈಸ್ಕೂಲಿನಲ್ಲಿದ್ದಾಗ ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆದದ್ದು, ಗಂಟಲು ಬಿದ್ದುಹೋಗಿದ್ದು, ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟಿದ್ದು. ಅವರು ಗಂಭೀರವಾಗಿ ಕೇಳಿಸಿಕೊಂಡರು. ಕೆಲವು ತಿಂಗಳ ಮೇಲೆ ಅಣ್ಣನ ಜೊತೆ ಫೋನಿನಲ್ಲಿ ಮಾತಾಡುವಾಗ ಇದು ಬಂತು. ಅವನು ಜೋರಾಗಿ ನಕ್ಕ. "ನೀ ಎಲ್ಲಿದ್ದ್ಯೋ? ಕಾಮಾಲಿ ಆಗಿ ಹಾಸಿಗಿ ಹಿಡಿದಿದ್ದಿ. ಬಾವುಟ ಹಿಡಿದಾಂವ ನಾ." ಡಾಂಬರು ಅಂಟಿದ ಚಪ್ಪಲಿಯೂ ಅವನದೇ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು ನಾನು. ದೇವರಿಂದ ಹಿಡಿದು ಜಾತಕದವರೆಗೆ ಯಾವುದನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲ ಎಂದು ಬೀಗುತ್ತಿದ್ದವನು. ಆ ಬಿಸಿಲು ಮಾತ್ರ ಈಗಲೂ ನನ್ನ ಅಂಗಾಲಿನಲ್ಲಿದೆ.

ಇದನ್ನು ಅವರಿಗೆ ಒಪ್ಪಿಸಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಗೋಡೆ ಬೀಳುವುದಕ್ಕೆ ಒಂದು ತಿಂಗಳ ಮುಂಚೆ ತಮ್ಮ ಊರಿನಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆ ಹೊರಟ ಆ ಸೋಮವಾರ ಸಂಜೆಯ ಮಾತೂ ಅಷ್ಟೇ ಎಂದರು. ಅಡ್ಡರಸ್ತೆಗಳಲ್ಲಿ ಲಾರಿಗಟ್ಟಲೆ ಪೊಲೀಸರು, ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಮಾಡಿಸಿದ್ದಾರೆ ಎಂಬ ಗುಸುಗುಸು, ಮೂರು ಗಂಟೆಯೊಳಗೆ ಮನೆ ಸೇರಿಕೊಳ್ಳಿ ಎಂದು ಆಫೀಸಿನ ಸೂಚನೆ. ಆದರೂ ಜನ ಬಂದರು, ಇಡೀ ವರ್ತುಲ ರಸ್ತೆ ತುಂಬಿತು, ಗುಂಡು ಹಾರಲಿಲ್ಲ. "ಆವತ್ತು ನಾನಿದ್ದೆ ಅನ್ನುವವರೆಲ್ಲ ನಿಜಕ್ಕೂ ಇದ್ದಿದ್ದರೆ, ಊರಿನ ಒಂದು ಮನೆಯಲ್ಲೂ ದೀಪ ಹಚ್ಚುವವರು ಉಳಿಯುತ್ತಿರಲಿಲ್ಲ." ಮೊದಮೊದಲು ಎಲ್ಲರೂ ಕೂಗಿದ್ದು 'ನಾವೇ ಜನ' ಎಂದು. ಕೆಲವೇ ವಾರಗಳಲ್ಲಿ ಅದು 'ನಾವು ಒಂದೇ ಜನ' ಎಂದಾಯಿತು. ಮೊದಲನೆಯದನ್ನು ಕೂಗುವಾಗ ಎದುರಿಗೆ ಪೊಲೀಸರಿದ್ದರು, ಎರಡನೆಯದಕ್ಕೆ ಟಿವಿ ಕ್ಯಾಮೆರಾ ಇತ್ತು ಎನ್ನುತ್ತಿದ್ದರು. ಎರಡನೆಯದನ್ನು ಅವರು ಕೂಗಲಿಲ್ಲ, ಮನೆಗೆ ಹೋದರು. ದೇಶ ಒಂದಾಯಿತು. ಅವರ ಕಂಪ್ಯೂಟರ್ ಕೇಂದ್ರಕ್ಕೆ ಬೀಗ ಬಿತ್ತು. ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿದರು, ಬಂತು.

ಆ ಸಂಜೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದರು. ಯಾವಾಗ ಕೇಳಿದರೂ ಇಲ್ಲ ಎಂದೇ ಹೇಳುತ್ತಿದ್ದರು.

ಇನ್ನು ನನ್ನ ವರದಿಗಳ ವಿಷಯ. ನಾನು ಆ ವಿಮಾ ಕಂಪನಿಯ ನೌಕರನಲ್ಲ, ಎಡಿಸನ್ನಿನ ಒಂದು ಕನ್ಸಲ್ಟಿಂಗ್ ಆಫೀಸು ನನ್ನನ್ನು ಅಲ್ಲಿಗೆ ಬಾಡಿಗೆಗೆ ಕಳಿಸಿತ್ತು. ಕಂಪನಿ ಬೇಡವೆಂದ ದಿನ ನಾನು ಬೆಂಚಿನ ಮೇಲೆ, ಅಂದರೆ ಮುಂದಿನ ಕೆಲಸಕ್ಕೆ ಕಾಯುವವರ ಸಾಲಿನಲ್ಲಿ; ಎಡಿಸನ್ನಿನವರೂ ಬೇಡವೆಂದ ದಿನ ಊರಿನ ವಿಮಾನದಲ್ಲಿ. ಪ್ರತಿ ಶುಕ್ರವಾರ ಸ್ಟೇಟಸ್ ರಿಪೋರ್ಟ್ ಕೊಡಬೇಕು. ಅಮೆರಿಕದವರು ಅದನ್ನು ಮೂರು ಸಾಲಿನಲ್ಲಿ ಮುಗಿಸುತ್ತಿದ್ದರು. ನಮ್ಮವರು ಹಾಗಲ್ಲ. ನಾವು ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕೇಳಿ ತೆಗೆದುಕೊಂಡು ಬರೆದು ಬೆಳೆದವರು. ಪುಟ ಖಾಲಿ ಬಿಟ್ಟರೆ ಕೆಲಸ ಮಾಡಿಲ್ಲ ಅಂದುಕೊಂಡಾರು ಎಂದು ಎರಡೆರಡು ಪುಟ ತುಂಬಿಸುತ್ತಿದ್ದೆವು.

ಅಕ್ಟೋಬರ್ ನಡುವಿನಲ್ಲಿ ಮ್ಯಾನೇಜರ್ ನನ್ನನ್ನು ಕರೆದ. ಒಳ್ಳೆಯ ಮನುಷ್ಯ, ನನ್ನ ಹೆಂಡತಿಯ ಬಸಿರಿನ ಬಗ್ಗೆ ವಿಚಾರಿಸಿದ. ಆಮೇಲೆ, ನೀನು ಅವರ ಜೊತೆ ಕಾರಿನಲ್ಲಿ ಕಮ್ಯೂಟ್ ಮಾಡುತ್ತೀಯಲ್ಲ, ಅವರ ಕೆಲಸವನ್ನು ನೀನು ಕಲಿತುಕೊಳ್ಳಬೇಕು, ಅದು ಹೇಗೆ ಸಾಗುತ್ತಿದೆ, ಅವರ ಮನಸ್ಸು ಎಲ್ಲಿದೆ ಎಂದು ವಾರದ ರಿಪೋರ್ಟಿನಲ್ಲಿ ಒಂದು ಪ್ಯಾರಾ ಸೇರಿಸು, ಎಂದ. ಜನವರಿಯಲ್ಲಿ ನನ್ನ ಗುತ್ತಿಗೆಯ ಎಕ್ಸ್‌ಟೆನ್ಷನ್ ಬರುತ್ತದೆ, ಆಗ ಹೇಳಲು ತನಗೂ ಏನಾದರೂ ಬೇಕು ಎಂದು ನಕ್ಕ.

ನಾನು ಬರೆದೆ. ಬಂದ ಹೊತ್ತು, ಹೋದ ಹೊತ್ತು, ಯಾವ ಮೀಟಿಂಗಿಗೆ ಬರಲಿಲ್ಲ, ಏನು ಗೊಣಗಿದರು. ಪ್ರೋಗ್ರಾಂಗಳ ಪರೀಕ್ಷೆ ಸಾಲದು ಎಂದು ಅವರು ಹೇಳಿದ್ದನ್ನು, ಚೀಟಿ ಹರಿಯುವುದನ್ನು ಬರೆದೆ. ಒಳ್ಳೆಯದನ್ನೂ ಬರೆದೆ, ಚೆನ್ನಾಗಿ ಕಲಿಸುತ್ತಾರೆ ಎಂದು. ಡಿಸೆಂಬರ್ ಕೊನೆಯವರೆಗೆ ಹನ್ನೊಂದು ಶುಕ್ರವಾರ.

ನನ್ನ ನೆನಪಿನ ಪ್ರಕಾರ, ಅವರು ಫೈಲಿನ ಕಥೆ ಹೇಳಿದ್ದು ಇದೆಲ್ಲ ಮುಗಿದ ಮೇಲೆ, ಫೆಬ್ರುವರಿಯಲ್ಲಿ. 287ರಲ್ಲಿ ಗಾಡಿಗಳು ನಿಂತಿವೆ. ವೈಪರುಗಳು ಹಿಮ ತಳ್ಳುತ್ತಿವೆ. ಅವರು ಕೈಗವಸು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಡುತ್ತಾರೆ. ಇದ್ದಕ್ಕಿದ್ದ ಹಾಗೆ ಹೇಳಲು ಶುರುಮಾಡುತ್ತಾರೆ.

ಗೋಡೆ ಬಿದ್ದ ಮೇಲೆ ಗುಪ್ತ ಪೊಲೀಸರ ಕಚೇರಿಯ ಫೈಲುಗಳನ್ನು ಜನರಿಗೆ ತೆರೆದರು. ಇವರೂ ಅರ್ಜಿ ಹಾಕಿ ಹೋದರು. ಉದ್ದನೆಯ ಕೋಣೆಯಲ್ಲಿ ಇಪ್ಪತ್ತು ಮೇಜು, ಇಪ್ಪತ್ತು ಜನ ಅವರವರ ಬದುಕನ್ನು ಓದುತ್ತಾ ಕೂತಿದ್ದಾರೆ. ಪುಟ ತಿರುಗಿಸುವ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಒಮ್ಮೆ ಯಾರೋ ನೀರು ಕೇಳಿದರು. ಇವರದ್ದು ಎರಡು ದಪ್ಪ ಫೋಲ್ಡರ್. ಬರೆದವಳು ಪಕ್ಕದ ಮೇಜಿನ ಗೆಳತಿ, ಆರು ವರ್ಷ ಇವರ ಜೊತೆ ಒಂದೇ ಟ್ರಾಮಿನಲ್ಲಿ ಕೆಲಸಕ್ಕೆ ಬಂದುಹೋಗುತ್ತಿದ್ದವಳು. ಟ್ರಾಮಿನಲ್ಲಿ ಆಡಿದ ಮಾತೆಲ್ಲ ಅಲ್ಲಿತ್ತು. ಯಾವ ಜೋಕಿಗೆ ನಕ್ಕರು, ಯಾವುದಕ್ಕೆ ನಗಲಿಲ್ಲ ಎನ್ನುವುದೂ ಇತ್ತು. ಕೊನೆಯ ಪುಟಗಳಲ್ಲಿ ಆ ಸೋಮವಾರದ ಟಿಪ್ಪಣಿ: 'ಇವತ್ತು ಎರಡು ಜೊತೆ ಕಾಲುಚೀಲ ಹಾಕಿದ್ದಾಳೆ. ಬಂಧನಕ್ಕೆ ತಯಾರಾಗಿ ಬಂದಂತಿದೆ.' ಹಿಂದಿನ ಮೆರವಣಿಗೆಗಳಲ್ಲಿ ಹಿಡಿದವರನ್ನು ಕುದುರೆ ಲಾಯದ ಕೊರೆಯುವ ಸಿಮೆಂಟು ನೆಲದ ಮೇಲೆ ನಿಲ್ಲಿಸಿದ್ದರಂತೆ.

"ನನಗೆ ಅದು ಮರೆತೇಹೋಗಿತ್ತು," ಎಂದರು. "ಅವಳ ಬರಹ ಓದಿ ನೆನಪಾಯಿತು. ಈಗ ಅದು ನನ್ನ ನೆನಪೋ ಅವಳದೋ ನನಗೆ ಗೊತ್ತಿಲ್ಲ. ಆದರೆ ಅದು ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ."

ಆ ಗೆಳತಿಯನ್ನು ಹುಡುಕಿಕೊಂಡು ಹೋಗಿ ಕೇಳಿದರಂತೆ. ಅವಳು ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಾನು ನಿನ್ನ ಬಗ್ಗೆ ಒಳ್ಳೆಯದನ್ನೇ ಬರೆದೆ ಎಂದಳು. "ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಹಾಗೆಯೇ ನೆನಪಿತ್ತು."

ನಾನೇನಂದೆ? ನೆನಪಿಲ್ಲ.

ಡಿಸೆಂಬರಿನಲ್ಲಿ ಸಹಿ ಹಾಕುವ ಕಾಲ ಬಂತು. ಪ್ರತಿಯೊಂದು ಪ್ರೋಗ್ರಾಮನ್ನೂ ಎಲ್ಲ ತಾರೀಖುಗಳಿಗೂ ಪರೀಕ್ಷಿಸಿದ್ದೇವೆ ಎಂದು ಒಂದು ಹಾಳೆಯಲ್ಲಿ ಸಹಿ ಮಾಡಬೇಕು. ಎರಡು ಸಾವಿರದ ಫೆಬ್ರುವರಿ ಇಪ್ಪತ್ತೊಂಬತ್ತನ್ನು ಒಂದು ಬ್ಯಾಚಿನಲ್ಲಿ, ಅಂದರೆ ಒಟ್ಟಿಗೆ ಓಡುವ ಪ್ರೋಗ್ರಾಂಗಳ ಒಂದು ಗುಂಪಿನಲ್ಲಿ, ಪರೀಕ್ಷಿಸಿರಲಿಲ್ಲ. ಸಮಯವಿರಲಿಲ್ಲ. ನಾನು ಸಹಿ ಮಾಡಿದೆ, ಉಡುಪಿಯ ಗೆಳೆಯನೂ ಮಾಡಿದ. ಆ ದಿನ ಅವರು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬಂದಿದ್ದರು. ಮ್ಯಾನೇಜರ್ ಹಾಳೆ ಹಿಡಿದು ಬಂದಾಗ ಓದಿದರು, ಪೆನ್ನು ಮುಚ್ಚಿಟ್ಟರು. ಮಾಡಿಲ್ಲದ್ದಕ್ಕೆ ಸಹಿ ಹಾಕುವುದಿಲ್ಲ ಎಂದರು. ಅವನು ನಕ್ಕು, ಇದು ಬರೀ ಒಂದು ಫಾರ್ಮ್, ಎಂದ.

"ಗೊತ್ತು," ಎಂದರು. "ನಮ್ಮ ದೇಶದಲ್ಲೂ ಎಲ್ಲವೂ ಬರೀ ಫಾರ್ಮೇ ಆಗಿತ್ತು."

ಅವರ ದನಿ ಏರಲಿಲ್ಲ. ಮೇಜಿನ ಕೆಳಗೆ ಅವರ ಮೊಣಕಾಲು ನಡುಗುತ್ತಿದ್ದುದು ನನ್ನ ಜಾಗದಿಂದ ಕಾಣುತ್ತಿತ್ತು. ಅದನ್ನೂ ಬರೆದೆ, ಆ ಶುಕ್ರವಾರ: 'ಒತ್ತಡದಲ್ಲಿರುವಂತೆ ಕಾಣುತ್ತಾರೆ.'

ಮನೆಗೆ ಬರುವಾಗ ಕಾರಿನಲ್ಲಿ ತಾವಾಗಿಯೇ ಹೇಳಿದರು. ಹಿಂದೊಮ್ಮೆ, ಆಗಿನ್ನೂ ಚಿಕ್ಕವರು, ಪಶ್ಚಿಮ ಜರ್ಮನಿಗೆ ಹೋಗಲು ಅರ್ಜಿ ಹಾಕಿದ ಸಹೋದ್ಯೋಗಿಯೊಬ್ಬನನ್ನು ಖಂಡಿಸುವ ಪತ್ರಕ್ಕೆ ಆಫೀಸಿನವರೆಲ್ಲ ಸಹಿ ಮಾಡಿದ್ದರು. ಇವರೂ ಮಾಡಿದ್ದರು. ಅವನ ಕೆಲಸ ಹೋಯಿತು. "ನನ್ನ ಫೈಲಿನಲ್ಲಿ ಆ ಸಹಿ ಇಲ್ಲ. ಇರುವುದು ಅವನ ಫೈಲಿನಲ್ಲಿ. ಅವನು ಓದಿರುತ್ತಾನೆ."

ಎರಡು ಸಾವಿರ ಬಂತು, ಏನೂ ಕೆಡಲಿಲ್ಲ. ಹೆದರಿದ್ದ ಜಗತ್ತು ತನ್ನ ಹೆದರಿಕೆಗೆ ನಾಚಿ, ಹೆದರಿಸಿದವರನ್ನೆಲ್ಲ ಕೆಲಸದಿಂದ ತೆಗೆಯಲು ಶುರುಮಾಡಿತು. ಫೆಬ್ರುವರಿ ಎರಡನೆಯ ವಾರ ಅವರನ್ನು ಒಳಗೆ ಕರೆದರು. ಅರ್ಧ ಗಂಟೆಯಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ಬಂದರು. ಅವತ್ತು ನಾನು ಗೆಳೆಯನ ಕಾರಿನಲ್ಲಿ ಹೋಗಿಬಿಡೋಣ ಎಂದುಕೊಂಡಿದ್ದೆ. ಅವರು ಎಂದಿನಂತೆ ಐದೂಕಾಲಿಗೆ ಬಂದು ನನ್ನ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. ಪೆಟ್ಟಿಗೆಯನ್ನು ಹಿಂದಿನ ಸೀಟಿಗಿಟ್ಟು ಕಾರು ಹೊರಡಿಸಿದರು.

ಮ್ಯಾನೇಜರ್ ಮುಂದೆ ಒಂದು ಫೋಲ್ಡರ್ ಇತ್ತು, ಅದರಿಂದ ಓದಿ ಹೇಳಿದ, ಎಂದರು. ತೆಳ್ಳಗಿತ್ತು, ನನ್ನ ಮೊದಲನೆಯದು ಇದಕ್ಕಿಂತ ದಪ್ಪ, ಎಂದು ನಕ್ಕರು. ನಾನೂ ನಕ್ಕೆ. ರಸ್ತೆಯ ಎರಡೂ ಬದಿಗೆ ಗುಡ್ಡೆ ಹಾಕಿದ ಹಿಮ ಕಪ್ಪಾಗಿತ್ತು. ಕೆಂಡಲ್ ಪಾರ್ಕಿನ ಗೇಟಿನ ಮುಂದೆ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಾನು ಒಂದು ಗಂಟೆ ಹೇಳಿದ್ದನ್ನು ನೀನು ಮೂರು ಸಾಲಿನಲ್ಲಿ ಬರೆಯುತ್ತೀಯ. ಒಳ್ಳೆಯ ಕೈ ನಿನ್ನದು. ಯಾಕೆ ಅಂತ ಮಾತ್ರ ಬರೆಯುವುದಿಲ್ಲ."

ಅವರ ಪ್ರೋಗ್ರಾಂಗಳ ಬಗ್ಗೆ ನಾನು ತಯಾರಿಸಿದ ದಾಖಲೆಗಳ ಮಾತು ಅದು ಎಂದುಕೊಂಡೆ. ಥ್ಯಾಂಕ್ಸ್ ಎಂದೆ.

ಅವರು ಹೋದ ಮೂರನೆಯ ವಾರ, ಫೆಬ್ರುವರಿ ಇಪ್ಪತ್ತೊಂಬತ್ತರಂದು, ಆ ಬ್ಯಾಚ್ ನಿಂತುಬಿಟ್ಟಿತು. ಎರಡು ಗಂಟೆಯಲ್ಲಿ ಸರಿಮಾಡಿದೆ. ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಅವರು ಪ್ರೋಗ್ರಾಮಿನಲ್ಲೇ ಬರೆದಿಟ್ಟಿದ್ದರು. ಮ್ಯಾನೇಜರ್ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದ. ವೀಸಾ ಮುಂದುವರಿಯಿತು. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಕಳಿಸಿದವರ ವಿಳಾಸವಿಲ್ಲದ ಸಣ್ಣ ಪಾರ್ಸೆಲ್ ಒಂದು ಬಂತು. ಒಳಗೆ ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ, ಕೂಸಿನ ಅಳತೆಯವು. ಎರಡು ಜೊತೆ. ಒಂದು ಜೊತೆ ಇನ್ನೊಂದರ ಮೇಲೆ ಹಾಕುವ ಹಾಗೆ ಒಂದಿಷ್ಟು ದೊಡ್ಡದು. ಹೆಂಡತಿಗೆ ಖುಷಿಯೋ ಖುಷಿ. ಕೂಸಿಗೆ ಅವನ್ನು ಹಾಕಲು ನಾನು ಬಿಡಲಿಲ್ಲ. ಸೆಕೆಯಾಗುತ್ತದೆ ಎಂದೆ.

ಗೆಳೆಯನ ಫೋನ್ ಬಂದ ಮುಂದಿನ ಶನಿವಾರ, ಊಟವಾದ ಮೇಲೆ, ಬೇಸ್‌ಮೆಂಟಿಗಿಳಿದೆ. ಹಳೆಯ ಐ-94 ಪ್ರವೇಶ ಚೀಟಿಗಳು, ವೀಸಾ ಕಾಗದಗಳು ಇರುವ ಪೆಟ್ಟಿಗೆಯಲ್ಲಿ ಒಂದು ಫ್ಲಾಪಿ 'ಸ್ಟೇಟಸ್' ಎಂಬ ಚೀಟಿ ಅಂಟಿಸಿಕೊಂಡು ಇಷ್ಟು ವರ್ಷವೂ ಇತ್ತು. ಅದನ್ನು ಓದುವ ಸಾಧನ ತರಿಸಿದ್ದೆ. ಮಗಳು ಬಂದು ಇಣುಕಿ, "ಅಪ್ಪಾ, ದಟ್ಸ್ ಲೈಕ್ ದ ಸೇವ್ ಐಕಾನ್," ಎಂದು ಹೇಳಿ ಮೇಲೆ ಹೋದಳು. ಫ್ಲಾಪಿ ಕೆಟ್ಟಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ಅದು ಗರಗರ ಎಂದು ತಿರುಗಿ ತೆರೆದುಕೊಂಡಿತು.

ಹನ್ನೊಂದು ಕಡತ. ನಾಲ್ಕನೆಯದರ ತಾರೀಖು ನವೆಂಬರ್ ಎರಡನೆಯ ವಾರದ್ದು. ಬ್ಯಾಚುಗಳ ಪಟ್ಟಿ, ತಿದ್ದಿದ ಸಾಲುಗಳ ಲೆಕ್ಕ, ಅದರ ಕೆಳಗೆ ಅವರ ಹೆಸರು. ನನ್ನ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತೇನೆ:

'ತಮ್ಮ ದೇಶದಲ್ಲಿ ಗೆಳತಿಯೊಬ್ಬಳು ತಮ್ಮ ಮೇಲೆ ಆರು ವರ್ಷ ಗುಪ್ತ ವರದಿ ಬರೆದಿದ್ದಳೆಂದು ಕಮ್ಯೂಟ್ ವೇಳೆ ತಿಳಿಸಿದರು. ಈ ಕಾರಣದಿಂದ ಟೀಮಿನವರನ್ನು ನಂಬಲು ಅವರಿಗೆ ಕಷ್ಟವಾಗುತ್ತಿರಬಹುದು. ಕೆಲಸ ಹಸ್ತಾಂತರದ ಮೇಲೆ ಪರಿಣಾಮ ಸಾಧ್ಯ; ರಿಸ್ಕ್: ಮೀಡಿಯಂ.'

ಮೂರು ಸಾಲು.

ಆ ದಿನ ಹಿಮ ಬಿದ್ದಿರಲಿಲ್ಲ. ವೈಪರು, ಕೈಗವಸು, ನಿಂತ ಗಾಡಿಗಳು, ಎಲ್ಲವನ್ನೂ ಆಮೇಲೆ ನಾನೇ ತಂದು ಸುರಿದುಕೊಂಡಿದ್ದೆ. ಕಥೆ ಕೇಳಿದ ಮೇಲೂ ವರದಿ ಬರೆದಿದ್ದೆ. ಕಥೆಯನ್ನೇ ವರದಿಯಲ್ಲಿ ಬರೆದಿದ್ದೆ. ಅದಾದ ಮೇಲೆ ಇನ್ನೂ ಏಳು.

ಹೆಂಡತಿ ಮೆಟ್ಟಿಲಿಳಿದು ಬಂದು ನನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಪರದೆಯ ಮೇಲಿನದನ್ನು ಓದಿದಳು. ನಾನು ಸಮಜಾಯಿಷಿ ಶುರುಮಾಡಿದೆ. ಆಗ ನೀನು ಬಸುರಿ, ನನ್ನ ಎಕ್ಸ್‌ಟೆನ್ಷನ್ ಅವನ ಕೈಯಲ್ಲಿತ್ತು, ಹೆದರಿಬಿಟ್ಟಿದ್ದೆ, ಎಂದೆ. ಅವಳು ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ತಿಳಿಯಲಿಲ್ಲ.

"ಆ ರಿಪೋರ್ಟಿನ ಸ್ಪೆಲಿಂಗ್ ನಾನ ನೋಡಿ ಕೊಡ್ತಿದ್ದೆ, ನೆನಪಿಲ್ಲೇನು? ಆ ಸಾಲು ತಗೀರಿ ಅಂದಿದ್ದೆ."

ನನಗೆ ನೆನಪಿರಲಿಲ್ಲ. ಅವಳು ಆಗ ಎಲ್ಲಿ ಕೂತಿದ್ದಳು, ಯಾವ ಬಟ್ಟೆ ಉಟ್ಟಿದ್ದಳು, ಒಂದೂ ಇಲ್ಲ. ನಾನೇನಂದೆ ಎಂದು ಕೇಳಿದೆ.

"ಹೆದರಿದ್ದೇನಿಲ್ಲರಿ ನೀವು. ಕಾಫಿ ಕುಡಕೋತ ಕೂತಿದ್ರಿ. 'ಇರ್ಲಿ ಬಿಡು, ಈ ವಾರ ಬರೀಲಿಕ್ಕೆ ಬ್ಯಾರೆ ಏನೂ ಇಲ್ಲ' ಅಂದ್ರಿ."

ಅಷ್ಟು ಹೇಳಿ, ಪೆಟ್ಟಿಗೆಯ ಮೂಲೆಯಲ್ಲಿದ್ದ ಆ ಉಣ್ಣೆಯ ಕಾಲುಚೀಲಗಳನ್ನು ಕಂಡು, ಎತ್ತಿಕೊಂಡು ಮೇಲೆ ಹೋದಳು.

ಎಲ್ಲದಕ್ಕೂ ಪುರಾವೆ ಕೇಳುವವನು ನಾನು. ಅಣ್ಣನನ್ನು ಕೇಳಿದ್ದೆ, ಗೆಳೆಯನನ್ನು ಕೇಳಿದ್ದೆ, ಫ್ಲಾಪಿಯನ್ನೂ ಕೇಳಿದ್ದೆ. ಹೆಂಡತಿಯ ಈ ಮಾತಿಗೆ ಮಾತ್ರ ಪುರಾವೆ ಕೇಳಲಿಲ್ಲ. ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ ಬರಿಗಾಲಿನಲ್ಲಿ ಕೂತಿದ್ದೆ. ಯಾಕೆ ಎಂಬ ಜಾಗದಲ್ಲಿ ಇಷ್ಟು ವರ್ಷ 'ಹೆದರಿಕೆ' ಎಂದು ತುಂಬಿಕೊಂಡಿದ್ದೆನಲ್ಲ, ಅದು ಅಳಿಸಿಹೋಗಿತ್ತು. ಈಗ ನಿಜವಾಗಿ ಹೆದರಿಕೆಯಾಗುತ್ತಿತ್ತು.